ಅಂಗೈ ಹುಣ್ಣಿಗೂ ಕನ್ನಡಿ ಬೇಕು

ವಿಶಾಖಪಟ್ಟಣದಿಂದ ಭೀಮಿಲಿಯ ಕಡೆಗೆ ಕಡಲ ಅಂಚಿನಲ್ಲೇ ಸಾಗುವ ರಸ್ತೆಯಲ್ಲಿ ಋಷಿಕೊಂಡ ಸಿಗುತ್ತದೆ. ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಸಮುದ್ರ. ಗುಡ್ಡದ ಮೇಲೆ ಐಟಿ ಕಂಪನಿಗಳು, ಕೆಳಗೆ ಕಾಲೇಜುಗಳು, ಹಾಸ್ಟೆಲ್ಲುಗಳು. ಇಲ್ಲಿಯ ಬೀಚಿಗೆ 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಸಿಕ್ಕಿತು. ಈಗ ಭಾನುವಾರ ಬಂತೆಂದರೆ ಕಾಲಿಡಲು ಜಾಗವಿರುವುದಿಲ್ಲ. ಶಿವಮೊಗ್ಗ ಬಿಟ್ಟು ನಾನು ಈ ಊರಿಗೆ ಬಂದು ಹದಿನಾಲ್ಕು ವರ್ಷವಾಯಿತು. ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸುವುದು ನನ್ನ ಕೆಲಸ. ಅಂದರೆ ಎಂಬಿಬಿಎಸ್ ಸೇರಿದ ಮಕ್ಕಳು ಮೊದಲ ವರ್ಷದಲ್ಲಿ ಶವದ ಮುಂದೆ ನಿಂತು ಕೈಕಾಲು ಕಲಿಯುತ್ತಾರಲ್ಲ, ಅಲ್ಲಿ ಅವರ ಪಕ್ಕದಲ್ಲಿ ನಿಲ್ಲುವವಳು ನಾನು.

ಈ ಭಾಗದಲ್ಲಿರುವ ಕನ್ನಡದವರಿಗೆಲ್ಲ ಒಂದು ತಂಗುದಾಣವಿದೆ. ಅದು ಭಟ್ರ ಹೋಟೆಲು. ಭಟ್ರು ಉಡುಪಿ ಕಡೆಯವರು. ಇಪ್ಪತ್ತು ವರ್ಷಗಳಿಂದ ಇಲ್ಲಿ ದೋಸೆ ಹುಯ್ಯುತ್ತಿದ್ದಾರೆ. ಕನ್ನಡ ಮಾತಾಡಬೇಕು ಅನ್ನಿಸಿದಾಗ ನಾವು ಹೋಗಿ ಕೂರುವುದು ಅಲ್ಲೇ. ಈ ಲೇಖನ ಭಟ್ರ ಬಲಗೈಯ ಬಗ್ಗೆ. ಅವರನ್ನು ಕೇಳಿ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಜೊತೆಗೆ ನಾನು ಮಾಡಿದ ಒಂದು ತಪ್ಪಿನ ಬಗ್ಗೆಯೂ ಹೇಳಬೇಕಿದೆ.

ಒಂದು ಗಾಜಿನ ಲೋಟ

ಹೋದ ವರ್ಷದ ಮಳೆಗಾಲ. ಪಾತ್ರೆ ತೊಳೆಯುವ ಹುಡುಗ ರಜೆಯಲ್ಲಿದ್ದ. ಕಾಫಿಯ ಗಾಜಿನ ಲೋಟಗಳನ್ನು ಭಟ್ರೇ ತೊಳೆಯುತ್ತಿದ್ದರು. ಲೋಟದೊಳಗೆ ಕೈ ಹಾಕಿ ಉಜ್ಜುವಾಗ ಅದು ಒಡೆದು ಒಂದು ಚೂರು ಅಂಗೈಗೆ ನಾಟಿತು. ಹೆಬ್ಬೆರಳ ಬುಡದಲ್ಲಿ ಉಬ್ಬಿದ ಮಾಂಸವಿದೆಯಲ್ಲ, ಅದು ಅಂಗೈಯ ನಡುವಿಗೆ ಸೇರುವ ಜಾಗದಲ್ಲಿ. ಗಾಯದ ಉದ್ದ ಒಂದು ಸೆಂಟಿಮೀಟರ್ ಇದ್ದೀತು. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದರು. ಅಲ್ಲಿ ಎರಡು ಹೊಲಿಗೆ ಹಾಕಿ, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು, ಪಟ್ಟಿ ಕಟ್ಟಿ ಕಳಿಸಿದರು.

ಮರುದಿನ ಕಾಫಿಗೆ ಹೋದಾಗ ಪಟ್ಟಿ ನೋಡಿ, "ಏನಾಯ್ತು ಭಟ್ರೇ?" ಎಂದೆ.

"ಎಂತದೂ ಇಲ್ಲ ಅಕ್ಕ, ಸಣ್ಣ ಗಾಯ. ಎರಡು ಹೊಲಿಗೆ ಅಷ್ಟೆ."

ನಾನು ಅವರ ಬೆರಳುಗಳ ತುದಿ ಒಂದೊಂದಾಗಿ ಮುಟ್ಟಿದೆ. "ಮುಟ್ಟಿದ್ದು ಗೊತ್ತಾಗ್ತದಾ?" ಗೊತ್ತಾಗುತ್ತಿತ್ತು. "ಬೆರಳು ಮಡಚಿ." ಮಡಚಿದರು. ಹೆಬ್ಬೆರಳ ತುದಿಯೂ ಮಡಚಿತು. "ಹಾಗಾದ್ರೆ ಏನೂ ತೊಂದರೆ ಇಲ್ಲ, ನರಕ್ಕೆ ಏಟಾಗಿಲ್ಲ" ಎಂದು ಹೇಳಿ ಕಾಫಿ ಕುಡಿದು ಬಂದೆ. ಮೇಲೆ ಹೇಳಿದ ತಪ್ಪು ಇದೇ. ಕ್ಲಿನಿಕ್ಕಿನವರೂ ಅವರನ್ನು ತೆಲುಗಿನಲ್ಲಿ ಇದನ್ನೇ ಕೇಳಿದ್ದರಂತೆ. ಭಟ್ರು ಅಲ್ಲೂ ಸರಿಯಾದ ಉತ್ತರವನ್ನೇ ಕೊಟ್ಟಿದ್ದರು. ತಪ್ಪು ಇದ್ದದ್ದು ಪ್ರಶ್ನೆಯಲ್ಲಿ. ಕನ್ನಡದಲ್ಲಿ ಕೇಳಿದರೂ ತೆಲುಗಿನಲ್ಲಿ ಕೇಳಿದರೂ ಆ ಪ್ರಶ್ನೆ ಸಾಲುತ್ತಿರಲಿಲ್ಲ.

ಯಾಕೆ ಸಾಲುತ್ತಿರಲಿಲ್ಲ ಎಂದು ತಿಳಿಯಬೇಕಾದರೆ ಅಂಗೈಯೊಳಗೆ ಸ್ವಲ್ಪ ಇಣುಕಬೇಕು.

ನಾವು 'ನರ' ಅನ್ನುವುದು ಯಾವುದನ್ನು?

ಮೊದಲಿಗೆ ಮಾತಿನ ಗೊಂದಲ. ಮುಂಗೈ ಮೇಲೆ ಹಸಿರಾಗಿ ಕಾಣುವುದನ್ನು ನಾವು ನರ ಅನ್ನುತ್ತೇವೆ. ಅದು ರಕ್ತನಾಳ. ಮುಷ್ಟಿ ಬಿಗಿದಾಗ ಮಣಿಕಟ್ಟಿನಲ್ಲಿ ಹುರಿಯಂತೆ ಎದ್ದು ಕಾಣುವುದನ್ನೂ ನರ ಅನ್ನುತ್ತೇವೆ. ಅದು ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟಿದ ಹಗ್ಗ. ನಿಜವಾದ ನರ ಹೊರಗಿನಿಂದ ಕಾಣುವುದಿಲ್ಲ. ಅದು ಮಿದುಳಿಗೂ ಕೈಗೂ ನಡುವೆ ಸುದ್ದಿ ಸಾಗಿಸುವ ತಂತಿ. ಅದರಲ್ಲಿ ಎರಡು ಬಗೆಯ ಎಳೆಗಳಿವೆ. ಕೆಲವು 'ಮುಟ್ಟಿತು, ಸುಟ್ಟಿತು, ಚುಚ್ಚಿತು' ಎಂದು ಮೇಲಕ್ಕೆ ಹೇಳುತ್ತವೆ. ಕೆಲವು 'ಎತ್ತು, ಹಿಡಿ, ಬಿಡು' ಎಂಬ ಆಜ್ಞೆಯನ್ನು ಕೆಳಕ್ಕೆ ತರುತ್ತವೆ. ಒಂದು ನರದಲ್ಲಿ ಎರಡೂ ಬೆರೆತಿರಬಹುದು, ಒಂದೇ ಇರಲೂಬಹುದು. ಭಟ್ರ ಕಥೆ ನಿಂತಿರುವುದು ಇದರ ಮೇಲೆ.

ಕೈಗೆ ಬರುವ ದೊಡ್ಡ ನರಗಳು ಮೂರು. ನಿಮ್ಮ ಬಲ ಅಂಗೈಯನ್ನು ಮೇಲೆ ಮಾಡಿ ನೋಡಿಕೊಳ್ಳಿ.

ಮಣಿಕಟ್ಟಿನ ನಡುಮಧ್ಯದಿಂದ ಒಳಬರುವುದು ಮೀಡಿಯನ್ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧದ ಸ್ಪರ್ಶ ಇದರ ಪಾಲು. ಹೆಬ್ಬೆರಳ ಬುಡದ ಉಬ್ಬಿನ ಬಹುಪಾಲು ಸ್ನಾಯುಗಳಿಗೆ ಆಜ್ಞೆ ಕೊಡುವುದೂ ಇದೇ.

ಕಿರುಬೆರಳ ಕಡೆಯಿಂದ, ಬಟಾಣಿಯಂಥ ಒಂದು ಪುಟ್ಟ ಮೂಳೆಯ ಪಕ್ಕದಲ್ಲಿ ಹಾದು ಬರುವುದು ಅಲ್ನಾರ್ ನರ. ಕಿರುಬೆರಳು ಮತ್ತು ಉಂಗುರಬೆರಳಿನ ಉಳಿದರ್ಧದ ಸ್ಪರ್ಶ ಇದರದ್ದು. ಬೆರಳುಗಳನ್ನು ಅಗಲಿಸುವ, ಕೂಡಿಸುವ ಒಳಗಿನ ಪುಟ್ಟ ಸ್ನಾಯುಗಳೂ ಇದರ ಅಧೀನ. ವೀಣೆ ನುಡಿಸುವುದು, ಟೈಪ್ ಮಾಡುವುದು, ಹೂ ಕಟ್ಟುವುದು ಇಂಥ ನಾಜೂಕಿನ ಕೆಲಸಗಳಿಗೆಲ್ಲ ಇದು ಬೇಕೇ ಬೇಕು.

ಮೂರನೆಯದು ರೇಡಿಯಲ್ ನರ. ಅಂಗೈಯ ಹಿಂಬದಿಯಲ್ಲಿ ಹೆಬ್ಬೆರಳ ಕಡೆಯ ಸ್ಪರ್ಶ ನೋಡಿಕೊಳ್ಳುತ್ತದೆ. ಮಣಿಕಟ್ಟು ಮತ್ತು ಬೆರಳುಗಳನ್ನು ಹಿಂದಕ್ಕೆ ಎತ್ತುವ ಸ್ನಾಯುಗಳು ಇದರ ಕೈಕೆಳಗಿದ್ದರೂ ಅವೆಲ್ಲ ಇರುವುದು ಮುಂಗೈಯಲ್ಲಿ. ಹಸ್ತದೊಳಗಿನ ಒಂದು ಸ್ನಾಯುವೂ ಇದರ ಮಾತು ಕೇಳುವುದಿಲ್ಲ.

ಅಂಗೈ ಮತ್ತು ಬೆರಳುಗಳ ಒಳಭಾಗದ ಚರ್ಮದಲ್ಲಿ ಸ್ಪರ್ಶವನ್ನು ಗ್ರಹಿಸುವ ಸುಮಾರು 17,000 ನರ ಘಟಕಗಳಿವೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 1979ರಲ್ಲಿ ಅಂದಾಜು ಮಾಡಿದರು. ಬೆರಳ ತುದಿಯಲ್ಲಿ ಅವು ಎಷ್ಟು ಒತ್ತಾಗಿವೆಯೆಂದರೆ, ಎರಡು-ಮೂರು ಮಿಲಿಮೀಟರ್ ಅಂತರದಲ್ಲಿ ಎರಡು ಮೊನೆ ತಾಗಿಸಿದರೂ ಅದು ಒಂದಲ್ಲ, ಎರಡು ಎಂದು ನಿಮಗೆ ತಿಳಿಯುತ್ತದೆ. ಬೆನ್ನಿನ ಮೇಲೆ ಹಾಗೆ ತಿಳಿಯಬೇಕಾದರೆ ಹಲವು ಸೆಂಟಿಮೀಟರ್ ದೂರ ಬೇಕು. ಜೇಬಿನೊಳಗೆ ಕೈ ಹಾಕಿ ಒಂದು ರೂಪಾಯಿಯೋ ಎರಡು ರೂಪಾಯಿಯೋ ಎಂದು ನೋಡದೆಯೇ ಹೇಳುತ್ತೀರಲ್ಲ, ಅದು ಈ ನರಗಳ ಕೃಪೆ.

ಇಪ್ಪತ್ತಾರನೇ ದಿನ

ಆ ನಡುವೆ ನಾನು ಊರಿಗೆ ಹೋಗಿದ್ದೆ. ತಿರುಗಿ ಬಂದು ಹೋಟೆಲಿಗೆ ಹೋದಾಗ ಕಾವಲಿಯ ಮುಂದೆ ಬೇರೆ ಯಾರೋ ನಿಂತಿದ್ದರು. ಭಟ್ರು ಗಲ್ಲಾಪೆಟ್ಟಿಗೆಯಲ್ಲಿ ಕೂತಿದ್ದರು. ನೋಟು ಎಣಿಸುವುದಕ್ಕೂ ಎಡಗೈಯನ್ನೇ ಬಳಸುತ್ತಿದ್ದರು.

"ಗಾಯ ಒಣಗಿದೆ ಅಕ್ಕ. ನೋವೂ ಇಲ್ಲ. ಆದ್ರೆ ಹೆಬ್ಬೆರಳು ಮಾತು ಕೇಳ್ತಾ ಇಲ್ಲ ಮಾರಾಯ್ರೇ. ಸೌಟು ಹಿಡಿದ್ರೆ ಜಾರ್ತದೆ. ಒಂದು ಚಿಟಿಕೆ ಉಪ್ಪು ತೆಗೀಲಿಕ್ಕೆ ಆಗುದಿಲ್ಲ."

ನನ್ನ ಎದೆ ಧಸಕ್ಕೆಂದಿತು. ಅವರ ಕೈಯನ್ನು ಮೇಜಿನ ಮೇಲೆ ಅಂಗಾತ ಇಡಿಸಿದೆ. ನನ್ನ ಪೆನ್ನನ್ನು ಹೆಬ್ಬೆರಳ ಮೇಲೆ, ಸ್ವಲ್ಪ ಎತ್ತರದಲ್ಲಿ ಅಡ್ಡ ಹಿಡಿದು, "ಕೈ ಎತ್ತದೆ ಹೆಬ್ಬೆರಳನ್ನಷ್ಟೇ ನೆಟ್ಟಗೆ ಮೇಲಕ್ಕೆತ್ತಿ ಪೆನ್ನು ಮುಟ್ಟಿ" ಎಂದೆ. ಎಡಗೈಯ ಹೆಬ್ಬೆರಳು ಟಕ್ಕನೆ ಮುಟ್ಟಿತು. ಬಲಗೈಯದ್ದು ಪಕ್ಕಕ್ಕೆ ಸರಿದಾಡಿತೇ ಹೊರತು ಮೇಲೆ ಏಳಲಿಲ್ಲ. ಎರಡೂ ಕೈ ಅಕ್ಕಪಕ್ಕ ಇಟ್ಟು ನೋಡಿದರೆ ಬಲಗೈಯ ಉಬ್ಬು ಆಗಲೇ ಸ್ವಲ್ಪ ಚಪ್ಪಟೆಯಾಗಿತ್ತು.

ಈ ಪೆನ್ನಿನ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಪ್ರತಿ ವರ್ಷ ಮಕ್ಕಳಿಗೆ ಕಲಿಸುತ್ತೇನೆ, ಪರೀಕ್ಷೆಯಲ್ಲಿ ಕೇಳುತ್ತೇನೆ, ಹೇಳದವರಿಗೆ ಅಂಕ ಕಳೆಯುತ್ತೇನೆ. ಆ ಮೊದಲ ದಿನ ನಾನೇ ಮಾಡಲಿಲ್ಲ. ಪಟ್ಟಿ ದಪ್ಪಗಿತ್ತು, ಗಾಯ ಚಿಕ್ಕದಿತ್ತು, ಕಾಫಿ ಬಿಸಿಯಿತ್ತು. ಬೇರೆ ಕಾರಣ ಕೊಡಲು ನನ್ನಲ್ಲಿಲ್ಲ.

ಹಿಂದಕ್ಕೆ ತಿರುಗುವ ಕವಲು

ಮೀಡಿಯನ್ ನರ ಅಂಗೈಗೆ ಬಂದ ಕೂಡಲೇ ಹೆಬ್ಬೆರಳ ಕಡೆಗೆ ಒಂದು ಪುಟ್ಟ ಕವಲು ಕೊಡುತ್ತದೆ. ದಪ್ಪ ಒಂದೆರಡು ಮಿಲಿಮೀಟರ್. ಮುಂದಕ್ಕೆ ಹೋಗುವ ಬದಲು ಕೊಕ್ಕೆಯಂತೆ ಹಿಂದಕ್ಕೆ ಬಾಗಿ ಹೆಬ್ಬೆರಳ ಬುಡದ ಉಬ್ಬಿನೊಳಗೆ ಹೊಗುತ್ತದೆ. ಅದಕ್ಕೇ ಅದನ್ನು 'ಹಿಂದಿರುಗುವ ಕವಲು' ಎನ್ನುತ್ತಾರೆ. ಅದು ಬರೀ ಆಜ್ಞೆ ಸಾಗಿಸುವ ನರ. ಚರ್ಮದ ಸ್ಪರ್ಶಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಅದು ಪೂರ್ತಿ ತುಂಡಾದರೂ ಬೆರಳು ಮರಗಟ್ಟುವುದಿಲ್ಲ. ಬೆರಳು ಮಡಚುವುದಕ್ಕೂ ಅಡ್ಡಿಯಿಲ್ಲ, ಯಾಕೆಂದರೆ ಹೆಬ್ಬೆರಳ ತುದಿಯನ್ನು ಮಡಚುವ ಸ್ನಾಯು ಮುಂಗೈಯಲ್ಲಿದೆ, ಅದಕ್ಕೆ ಆಜ್ಞೆ ಬರುವುದು ಮೇಲಿನಿಂದ. ನಾನು ಕೇಳಿದ ಎರಡೂ ಪ್ರಶ್ನೆಗಳಿಗೆ ಭಟ್ರು ಪಾಸಾಗಿದ್ದು ಇದಕ್ಕೇ.

ಹೋಗುವುದು ಒಂದೇ ಒಂದು ಶಕ್ತಿ. ಹೆಬ್ಬೆರಳನ್ನು ಅಂಗೈಯಿಂದ ಎತ್ತಿ, ತಿರುಗಿಸಿ, ಉಳಿದ ಬೆರಳುಗಳಿಗೆ ಎದುರಾಗಿ ತಂದು ನಿಲ್ಲಿಸುವ ಶಕ್ತಿ. ಆ ಒಂದು ಚಲನೆಯಿಂದಲೇ ನಾವು ಗುಂಡಿ ಹಾಕುತ್ತೇವೆ, ಸೂಜಿ ಹಿಡಿಯುತ್ತೇವೆ, ತುತ್ತು ಕಲಸುತ್ತೇವೆ. ದ್ರೋಣರು ಏಕಲವ್ಯನಲ್ಲಿ ಬೇರೆ ಬೆರಳು ಕೇಳದೆ ಹೆಬ್ಬೆರಳನ್ನೇ ಕೇಳಿದ್ದು ಸುಮ್ಮನೆ ಅಲ್ಲ. ಹೆಬ್ಬೆರಳು ಇದ್ದ ಹಾಗೇ ಇದ್ದು ಈ ಕವಲೊಂದು ಹೋದರೂ ಬಿಲ್ಲು ಹಿಡಿಯುವುದು ಕಷ್ಟ. ಪಶ್ಚಿಮದ ಶಸ್ತ್ರಚಿಕಿತ್ಸಕರು ಇದನ್ನು 'ಮಿಲಿಯನ್ ಡಾಲರ್ ನರ' ಎಂದು ಕರೆಯುತ್ತಾರೆ. ಆಪರೇಷನ್ ಮಾಡುವಾಗ ಕೈತಪ್ಪಿ ಇದನ್ನು ಕತ್ತರಿಸಿದರೆ ಕೋರ್ಟಿನಲ್ಲಿ ತೆರಬೇಕಾದ ಪರಿಹಾರಕ್ಕೆ ಲೆಕ್ಕವಿಲ್ಲ ಎಂಬ ಅರ್ಥದಲ್ಲಿ.

ಇದು ಎಲ್ಲಿದೆ ಎಂದು ಚರ್ಮದ ಮೇಲಿಂದ ಗುರುತಿಸುವುದು ಹೇಗೆ? ನ್ಯೂಯಾರ್ಕಿನ ಇಮ್ಯಾನುಯೆಲ್ ಕ್ಯಾಪ್ಲನ್ ಎಂಬ ಶಸ್ತ್ರಚಿಕಿತ್ಸಕ ಒಂದು ಉಪಾಯ ಹೇಳಿಕೊಟ್ಟ. ಕೈಯ ರಚನೆಯ ಮೇಲಿನ ಅವನ ಪುಸ್ತಕ ಬಂದದ್ದು 1953ರಲ್ಲಿ. ಹೆಬ್ಬೆರಳನ್ನು ಅಗಲಿಸಿ. ಹೆಬ್ಬೆರಳು-ತೋರುಬೆರಳ ನಡುವಿನ ಸಂದಿಯಿಂದ ಅಂಗೈಗೆ ಅಡ್ಡಲಾಗಿ ಕಿರುಬೆರಳ ಕಡೆಗೆ ಒಂದು ಗೆರೆ ಎಳೆಯಿರಿ. ನಡುಬೆರಳಿನ ಅಂಚಿನಿಂದ, ಹೆಬ್ಬೆರಳ ಕಡೆಯ ಅಂಚಿನಿಂದ, ನೇರ ಕೆಳಕ್ಕೆ ಇನ್ನೊಂದು ಗೆರೆ. ಎರಡೂ ಕೂಡುವ ಜಾಗದ ಆಸುಪಾಸಿನಲ್ಲೇ ಈ ಕವಲು ಇರುತ್ತದೆ. ಕೈ ನೋಡಿ ಭವಿಷ್ಯ ಹೇಳುವವರು ಆಯುಷ್ಯ ರೇಖೆ ಎನ್ನುವ ಗೆರೆಯ ಹತ್ತಿರವೇ ಅದು ಬರುತ್ತದೆ. ಆ ಗೆರೆ ಆಯುಷ್ಯ ಹೇಳುತ್ತದೋ ಇಲ್ಲವೋ, ಅದರ ಪಕ್ಕದಲ್ಲಿ ಅನ್ನ ಕೊಡುವ ನರ ಇರುವುದಂತೂ ಹೌದು. ಭಟ್ರ ಗಾಜು ನಾಟಿದ್ದು ಸರಿಯಾಗಿ ಅಲ್ಲಿ.

ಒಂದೊಂದು ಕೈ ಒಂದೊಂದು ಥರ

ಆದರೆ ಗೆರೆ ಎಳೆದ ಮಾತ್ರಕ್ಕೆ ಮುಗಿಯುವುದಿಲ್ಲ. ನನ್ನ ಡಿಸೆಕ್ಷನ್ ಹಾಲಿನಲ್ಲಿ ಮಕ್ಕಳು ಆಗಾಗ ಓಡಿ ಬಂದು, "ಮೇಡಂ, ಪುಸ್ತಕದಲ್ಲಿದ್ದ ಹಾಗೆ ಇಲ್ಲ" ಎನ್ನುತ್ತಾರೆ. "ಪುಸ್ತಕ ಬರೆದವರು ಈ ಕೈ ನೋಡಿರಲಿಲ್ಲ" ಎಂದು ನಾನು ಹೇಳುತ್ತೇನೆ.

ಮಣಿಕಟ್ಟಿನ ಕೆಳಗೆ ಒಂದು ಸುರಂಗವಿದೆ. ಅದೇ ಕಾರ್ಪಲ್ ಟನಲ್. ಮೂರು ಕಡೆ ಮೂಳೆ, ಮೇಲ್ಛಾವಣಿಯಾಗಿ ಒಂದು ಗಟ್ಟಿ ಪಟ್ಟಿ. ಅದರೊಳಗೆ ಒಂಬತ್ತು ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರ ನುಸುಳಿ ಬರುತ್ತದೆ, ಹಬ್ಬಕ್ಕೆ ಊರಿಗೆ ಹೋಗುವ ಬಸ್ಸಿನಲ್ಲಿ ಹತ್ತನೆಯವನಾಗಿ ನಿಂತವನ ಹಾಗೆ. ಒತ್ತಡ ಹೆಚ್ಚಾದರೆ ಮೊದಲು ನರಳುವುದು ಅದೇ. ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುವುದು, ಎದ್ದು ಕೈ ಕೊಡವಿದರೆ ಸ್ವಲ್ಪ ಹಾಯೆನಿಸುವುದು ಇದರ ಲಕ್ಷಣ. ಮಧುಮೇಹ, ಥೈರಾಯ್ಡ್ ತೊಂದರೆ ಇರುವವರಲ್ಲಿ, ಬಸುರಿಯರಲ್ಲಿ ಇದು ಹೆಚ್ಚು. ಔಷಧ, ಪಟ್ಟಿಗಳಿಂದ ಗುಣವಾಗದಿದ್ದರೆ ಆ ಛಾವಣಿಯನ್ನು ಸೀಳಿ ನರಕ್ಕೆ ಜಾಗ ಮಾಡಿಕೊಡುತ್ತಾರೆ. ಕೈಯ ಮೇಲೆ ತುಂಬಾ ಸಾಮಾನ್ಯವಾಗಿ ನಡೆಯುವ ಆಪರೇಷನ್ನುಗಳಲ್ಲಿ ಇದೂ ಒಂದು.

ಹಿಂದಿರುಗುವ ಕವಲು ಹೆಚ್ಚಿನವರಲ್ಲಿ ಛಾವಣಿ ದಾಟಿದ ಮೇಲೆ ಹುಟ್ಟುತ್ತದೆ. ಕೆಲವರಲ್ಲಿ ಛಾವಣಿಯ ಕೆಳಗೇ ಹುಟ್ಟಿರುತ್ತದೆ. ಇನ್ನು ಕೆಲವರಲ್ಲಿ ಛಾವಣಿಯನ್ನೇ ತೂತು ಮಾಡಿಕೊಂಡು ಹೊರಬರುತ್ತದೆ. ಉಲ್ರಿಚ್ ಲಾನ್ಸ್ ಎಂಬ ಜರ್ಮನ್ ಶಸ್ತ್ರಚಿಕಿತ್ಸಕ 1977ರಲ್ಲಿ ಇಂಥ ವ್ಯತ್ಯಾಸಗಳನ್ನು ಗುಂಪು ಮಾಡಿ ಪ್ರಕಟಿಸಿದ. ಕೈಯ ಶಸ್ತ್ರಚಿಕಿತ್ಸಕರು ಇವತ್ತಿಗೂ ಆ ಪಟ್ಟಿಯನ್ನು ತಲೆಯಲ್ಲಿಟ್ಟುಕೊಂಡೇ ಚಾಕು ಹಿಡಿಯುತ್ತಾರೆ. ಛಾವಣಿ ಸೀಳುವಾಗ ಹೆಬ್ಬೆರಳ ಕಡೆಗೆ ಹೋಗದೆ, ಉಂಗುರಬೆರಳಿನ ನೇರಕ್ಕೆ ಗೀರು ಹಾಕುವುದು ಈ ಕಾರಣಕ್ಕೇ. ತೀರಾ ಕಿರುಬೆರಳ ಕಡೆಗೆ ಸರಿದರೆ ಅಲ್ಲಿ ಅಲ್ನಾರ್ ನರ ಕಾದಿರುತ್ತದೆ. ಎರಡು ನರಗಳ ನಡುವೆ ಇಕ್ಕಟ್ಟಾದ ಒಂದು ದಾರಿ ಅದು.

ಇನ್ನೊಂದು ವಿಚಿತ್ರವಿದೆ. ಅಂಗೈಯಲ್ಲಿ ರಕ್ತನಾಳದ ಕಮಾನು ಮೇಲೆ, ನರಗಳು ಕೆಳಗೆ. ಬೆರಳೊಳಗೆ ಹೋದಾಗ ಇದು ತಿರುವುಮುರುವಾಗುತ್ತದೆ. ನರ ಅಂಗೈ ಬದಿಗೆ ಬರುತ್ತದೆ, ರಕ್ತನಾಳ ಅದರ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಬೆರಳ ಒಳಬದಿ ಕೊಯ್ದುಕೊಂಡು ರಕ್ತ ಚಿಮ್ಮಿದರೆ, ರಕ್ತನಾಳಕ್ಕೂ ಮುಂಚೆ ನರ ತುಂಡಾಗಿರುವ ಸಂಭವ ಬಹಳ. ರಕ್ತ ನಿಲ್ಲಿಸುವ ಅವಸರದಲ್ಲಿ ಗಾಯದೊಳಗೆ ಕಣ್ಣು ಮುಚ್ಚಿ ಇಕ್ಕಳ ಹಾಕಬಾರದು ಎಂದು ನಾವು ಹೇಳಿಕೊಡುವುದೂ ಇದಕ್ಕೇ. ರಕ್ತನಾಳ ಹಿಡಿಯಲು ಹೋಗಿ ನರವನ್ನು ಜಜ್ಜಿಬಿಡಬಹುದು. ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈ ಎತ್ತಿಟ್ಟರೆ ಅಂಗೈಯ ರಕ್ತಸ್ರಾವ ಸಾಮಾನ್ಯವಾಗಿ ನಿಲ್ಲುತ್ತದೆ.

ವೆಲ್ಲೂರಿನ ಪಾಠ

ನರ ಹೋದರೆ ಕೈಯೇ ಹೋಯಿತೇ? ಇಲ್ಲ ಎಂದು ಜಗತ್ತಿಗೆ ತೋರಿಸಿದ್ದರಲ್ಲಿ ನಮ್ಮ ದಕ್ಷಿಣ ಭಾರತದ ದೊಡ್ಡ ಪಾಲಿದೆ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಇಂಗ್ಲೆಂಡಿನಲ್ಲಿ ವೈದ್ಯಕೀಯ ಓದಿ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಕೈ ಬೆರಳು ಕೊಕ್ಕೆಯಂತೆ ಸೊಟ್ಟಗಾಗುವುದನ್ನು ಆಗ ಎಲ್ಲರೂ ಹಣೆಬರಹವೆಂದು ಬಿಟ್ಟಿದ್ದರು. ಬ್ರ್ಯಾಂಡ್ ನರಗಳ ದಾರಿ ಹಿಡಿದು ನೋಡಿದರು. ರೋಗ ಎಲ್ಲ ನರಗಳನ್ನೂ ಎಲ್ಲ ಕಡೆಯೂ ತಿನ್ನುವುದಿಲ್ಲ. ಅಲ್ನಾರ್ ನರಕ್ಕೆ ಮೊಣಕೈ ಹತ್ತಿರ, ಮೀಡಿಯನ್ ನರಕ್ಕೆ ಮಣಿಕಟ್ಟಿನ ಹತ್ತಿರ ಏಟು ಬೀಳುತ್ತದೆ. ಹಾಗಾಗಿ ಮುಂಗೈಯ ಎಷ್ಟೋ ಸ್ನಾಯುಗಳು ಗಟ್ಟಿಯಾಗಿಯೇ ಉಳಿದಿರುತ್ತವೆ. ಅಂಥ ಗಟ್ಟಿ ಸ್ನಾಯುವಿನ ರಜ್ಜುವನ್ನು ಬಿಡಿಸಿ, ದಾರಿ ತಿರುಗಿಸಿ, ಸೋತ ಬೆರಳಿಗೆ ಹೊಲಿದರು. 1948ರಲ್ಲಿ ಶುರುವಾದ ಈ ಕೆಲಸ ಸಾವಿರಾರು ಜನರಿಗೆ ಕೈ ಮರಳಿಸಿತು, ದೇಶವಿದೇಶದ ಶಸ್ತ್ರಚಿಕಿತ್ಸಕರಿಗೂ ಪಾಠವಾಯಿತು.

ಹೆಬ್ಬೆರಳು ಸೋತವರಿಗೂ ಇದೇ ಉಪಾಯ ಇದೆ. ಉಂಗುರಬೆರಳನ್ನು ಮಡಚಲು ಎರಡು ರಜ್ಜುಗಳಿವೆ. ಅದರಲ್ಲಿ ಒಂದನ್ನು ಸಾಲ ತಂದು ಹೆಬ್ಬೆರಳಿಗೆ ಕಟ್ಟಬಹುದು. ಭಟ್ರಿಗೆ ಧೈರ್ಯ ಹೇಳುವಾಗ ನಾನು ಮೊದಲು ಹೇಳಿದ್ದು ಇದನ್ನೇ. "ನರ ಕೂಡದಿದ್ರೂ ಇನ್ನೊಂದು ದಾರಿ ಇದೆ ಭಟ್ರೇ."

"ದಾರಿ ಇರ್ಲಿ ಅಕ್ಕ. ನನಗೆ ದೋಸೆ ಹುಯ್ಲಿಕ್ಕೆ ಆಗ್ತದಾ ಇಲ್ವಾ, ಅದನ್ನು ಹೇಳಿ" ಎಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ದಿನಕ್ಕೆ ಒಂದು ಮಿಲಿಮೀಟರ್

ಅದೇ ವಾರ ನಗರದ ಒಬ್ಬ ಕೈ ಶಸ್ತ್ರಚಿಕಿತ್ಸಕರ ಬಳಿ ಹೋದೆವು. ತೆಲುಗಿನಲ್ಲಿ ಭಟ್ರ ಪರವಾಗಿ ಮಾತಾಡಿದ್ದು ನಾನೇ. ಎರಡನೇ ದಿನ ನಾನು ನೋಡಿ ಸರಿಯಿದೆ ಎಂದಿದ್ದನ್ನೂ ಹೇಳಿದೆ. ಆ ವೈದ್ಯರು ಬೈಯಲಿಲ್ಲ. "ಸ್ಪರ್ಶ ಇದ್ದಾಗ ಎಲ್ಲರೂ ಮೋಸ ಹೋಗುವ ಜಾಗ ಇದು" ಎಂದಷ್ಟೇ ಹೇಳಿದರು.

ಮೈಕ್ರೋಸ್ಕೋಪಿನ ಕೆಳಗೆ ಗಾಯ ತೆರೆದರು. ಕವಲು ಪೂರ್ತಿ ತುಂಡಾಗಿತ್ತು. ಗಾಜು ಹರಿತವಾಗಿದ್ದರಿಂದ ತುದಿಗಳು ಜಜ್ಜಿರಲಿಲ್ಲ. ಗಾಯ ಮಾಯ್ದ ನಾರನ್ನು ಬಿಡಿಸಿ, ತುದಿಗಳನ್ನು ಸವರಿ, ಕೂದಲಿಗಿಂತ ತೆಳುವಾದ ನೈಲಾನ್ ದಾರದಿಂದ ಹೊಲಿದರು. ಇನ್ನೂ ತಡವಾಗಿದ್ದರೆ ತುದಿಗಳು ಹಿಂದೆ ಸರಿದು, ನಡುವೆ ಬೇರೆ ಕಡೆಯ ನರದ ತುಂಡು ತಂದು ಸೇರಿಸಬೇಕಾಗುತ್ತಿತ್ತು.

ಹೊಲಿದ ಕೂಡಲೇ ನರ ಕೆಲಸ ಮಾಡುವುದಿಲ್ಲ. ನಮ್ಮ ವಿದ್ಯುತ್ ತಂತಿಯ ಹಾಗೆ ಜೋಡಿಸಿದಾಕ್ಷಣ ದೀಪ ಹತ್ತುವುದಿಲ್ಲ. ತುಂಡಾದ ಜಾಗದಿಂದ ಮುಂದಿನ ಎಳೆಗಳೆಲ್ಲ ಸತ್ತುಹೋಗಿ, ಬರೀ ಕೊಳವೆಗಳು ಉಳಿದಿರುತ್ತವೆ. ಮೇಲಿನ ತುದಿಯಿಂದ ಹೊಸ ಎಳೆಗಳು ಚಿಗುರಿ ಆ ಕೊಳವೆಗಳಲ್ಲಿ ಬೆಳೆಯಬೇಕು. ಮೊದಲ ಕೆಲವು ವಾರ ಸುಮ್ಮನಿದ್ದು, ಆಮೇಲೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಅಂದರೆ ತಿಂಗಳಿಗೆ ಒಂದಂಗುಲ. ಭುಜದ ಹತ್ತಿರ ನರ ತುಂಡಾದವರಿಗೆ ಅದು ಕೈ ಮುಟ್ಟುವಷ್ಟರಲ್ಲಿ ವರ್ಷ ಮೀರಿ, ಕಾದು ಕೂತ ಸ್ನಾಯು ಸೊರಗಿಹೋಗಿರುತ್ತದೆ. ಒಂದೂವರೆ ವರ್ಷ ಆಜ್ಞೆ ಬಾರದ ಸ್ನಾಯುವಿಗೆ ಆಮೇಲೆ ನರ ಬಂದರೂ ಹೆಚ್ಚು ಪ್ರಯೋಜನವಿಲ್ಲ. ಭಟ್ರ ಪುಣ್ಯಕ್ಕೆ ಅವರ ನರ ಹೋಗಬೇಕಾದ ದೂರ ಎರಡು-ಮೂರು ಸೆಂಟಿಮೀಟರ್ ಮಾತ್ರ.

ಆದರೂ ಕಾಯುವುದು ಸುಲಭವಲ್ಲ. ಕಟ್ಟು ಬಿಚ್ಚಿದ ಮೇಲೆ ಹೆಬ್ಬೆರಳು ಬಿಗಿಯದಂತೆ ದಿನಾ ವ್ಯಾಯಾಮ, ಅದನ್ನು ಎದುರಾಗಿ ಹಿಡಿದಿಡಲು ಒಂದು ಪಟ್ಟಿ. ಅಡುಗೆಯವನಿಗೆ ಸಂಬಳ ಕೊಟ್ಟು, ಬಾಡಿಗೆ ಕಟ್ಟಿ, ಊರಿಗೆ ಹಣ ಕಳಿಸಬೇಕು. ಹೊರನಾಡಿನಲ್ಲಿ ಬದುಕುವವರಿಗೆ ಕೈಯೇ ಆಸ್ತಿ, ಕೈಯೇ ಪಾಸ್‌ಬುಕ್ಕು. ನಾಲ್ಕು ತಿಂಗಳ ಹೊತ್ತಿಗೆ ಒಂದು ಸಂಜೆ ಫೋನು ಬಂತು. "ಅಕ್ಕ, ಸ್ವಲ್ಪ ಅಲ್ಲಾಡ್ತು." ಹೋಗಿ ನೋಡಿದೆ. ಉಬ್ಬಿನ ಮೇಲೆ ನನ್ನ ಬೆರಳಿಟ್ಟು ಎತ್ತಲು ಹೇಳಿದಾಗ ಒಳಗೆ ಸಣ್ಣಗೆ ಮಿಡಿಯಿತು. ಪೆನ್ನು ಇನ್ನೂ ಮುಟ್ಟಲಿಲ್ಲ. ಮುಟ್ಟಿದ್ದು ಏಳನೇ ತಿಂಗಳಲ್ಲಿ.

ನೀವು ಮಾಡಬೇಕಾದದ್ದು

ಬೆಂಗಳೂರು, ಮುಂಬೈ, ಹೈದರಾಬಾದ್ ಎಲ್ಲೇ ಇದ್ದರೂ ನಿಮ್ಮ ಮನೆಯಲ್ಲಿ ಚಾಕು, ಗಾಜು, ಡಬ್ಬಿ ಮುಚ್ಚಳ ಇದ್ದೇ ಇರುತ್ತವೆ. ಅಂಗೈ ಅಥವಾ ಬೆರಳಿಗೆ ಆಳವಾದ ಗಾಯವಾದರೆ, ಮುಖ್ಯವಾಗಿ ಗಾಜಿನಿಂದಾದರೆ, ಹೊಲಿಗೆ ಹಾಕುವ ಮುಂಚೆ, ಮರಗಟ್ಟುವ ಚುಚ್ಚುಮದ್ದಿಗೂ ಮುಂಚೆ, ಇಷ್ಟನ್ನು ನೋಡಿಸಿಕೊಳ್ಳಿ.

ಪ್ರತಿ ಬೆರಳಿನ ಎರಡೂ ಅಂಚನ್ನು ಬೇರೆಬೇರೆಯಾಗಿ ಮುಟ್ಟಿ ಇನ್ನೊಂದು ಕೈಗೆ ಹೋಲಿಸಬೇಕು. ಪ್ರತಿ ಬೆರಳಿಗೂ ಅಂಚಿಗೊಂದರಂತೆ ಎರಡು ನರಗಳಿವೆ. ಒಂದು ತುಂಡಾಗಿ ಇನ್ನೊಂದು ಉಳಿದಿರಬಹುದು.

ಅಂಗೈ ಅಂಗಾತ ಇಟ್ಟು ಹೆಬ್ಬೆರಳನ್ನು ಛಾವಣಿಯ ಕಡೆಗೆ ಎತ್ತಬೇಕು. ಇದು ಮೀಡಿಯನ್ ನರದ ಪರೀಕ್ಷೆ.

ಬೆರಳುಗಳನ್ನು ಅಗಲಿಸಿ, ಕೂಡಿಸಿ, ನಡುಬೆರಳನ್ನು ತೋರುಬೆರಳ ಮೇಲೆ ಹತ್ತಿಸಬೇಕು. ಇದು ಅಲ್ನಾರ್ ನರದ ಪರೀಕ್ಷೆ.

ಬೆರಳುಗಳ ಒಂದೊಂದು ಗಿಣ್ಣನ್ನೂ ಮಡಚಿ ನೋಡಬೇಕು. ಇದು ಸ್ನಾಯುರಜ್ಜುಗಳಿಗೆ.

ಹೇಳಲು ಬಾರದ ಚಿಕ್ಕ ಮಕ್ಕಳಿದ್ದರೆ? ಋಷಿಕೊಂಡದ ನೀರಿನಲ್ಲಿ ಅರ್ಧ ಗಂಟೆ ಆಡಿ ಬಂದ ಮಕ್ಕಳ ಬೆರಳು ನೋಡಿ, ಒಣದ್ರಾಕ್ಷಿಯಂತೆ ಸುಕ್ಕಾಗಿರುತ್ತವೆ. ಚರ್ಮ ನೀರು ಕುಡಿದು ಹಾಗಾಗುತ್ತದೆಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಅದು ನರದ ಕೆಲಸ. ನರ ತುಂಡಾದ ಬೆರಳು ಎಷ್ಟು ಹೊತ್ತು ನೀರಿನಲ್ಲಿದ್ದರೂ ನುಣ್ಣಗೇ ಇರುತ್ತದೆ. ಓ'ರಿಯೇನ್ ಎಂಬ ವೈದ್ಯರು 1973ರಲ್ಲಿ ಇದನ್ನೇ ಸರಳ ಪರೀಕ್ಷೆಯಾಗಿ ಸೂಚಿಸಿದರು. ಗಾಯ ಪೂರ್ತಿ ಒಣಗಿದ ಮೇಲೆ ಸ್ನಾನದ ಹೊತ್ತಿನಲ್ಲಿ ತಾಯಂದಿರೂ ಗಮನಿಸಬಹುದು. ಒಂದು ಬೆರಳಷ್ಟೇ ಸುಕ್ಕಾಗದಿದ್ದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಇನ್ನೊಂದು ಮಾತು ನಮ್ಮಂಥ ಹೊರನಾಡಿನವರಿಗೆ. ಊರಲ್ಲದ ಊರಿನಲ್ಲಿ ವೈದ್ಯರಿಗೆ 'ಜೋಮು' ಎಂದರೆ ಅರ್ಥವಾಗದಿರಬಹುದು. ಇಲ್ಲಿ ಅದಕ್ಕೆ ತಿಮ್ಮಿರಿ ಎನ್ನುತ್ತಾರೆ. ಮಾತು ಸಿಗದಿದ್ದರೆ ಕೈ ತೋರಿಸಿ, ಎರಡೂ ಕೈಯಲ್ಲಿ ಒಂದೇ ಕೆಲಸ ಮಾಡಿ ತೋರಿಸಿ. ಎರಡು ಕೈಗಳ ನಡುವಿನ ವ್ಯತ್ಯಾಸಕ್ಕೆ ಭಾಷೆ ಬೇಕಿಲ್ಲ.

ಅಂಗೈಯೊಳಗೆ ಏನಿದೆ ಎಂದು ಕಣ್ಣಾರೆ ನೋಡುವ ಆಸೆ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಮಣಿಪಾಲದ ಅಂಗರಚನೆ ಮತ್ತು ರೋಗಶಾಸ್ತ್ರ ಸಂಗ್ರಹಾಲಯಕ್ಕೆ ಹೋಗಿ. ಸಾರ್ವಜನಿಕರಿಗೂ ಪ್ರವೇಶವಿದೆ. ನನ್ನ ಮಕ್ಕಳು ಕಲಿಯುವುದು ದೇಹದಾನ ಮಾಡಿದವರ ಕೈಗಳಿಂದ. ಅವರು ಯಾರೆಂದು ನಮಗೆ ಗೊತ್ತಿರುವುದಿಲ್ಲ. ಆದರೆ ಭಟ್ರ ಅಂಗೈಯಲ್ಲಿ ಆ ಕವಲನ್ನು ಹುಡುಕಿ ಹೊಲಿದ ವೈದ್ಯರೂ ಎಂದೋ ಒಂದು ದಿನ ಅಂಥ ಒಂದು ಕೈಯಲ್ಲಿ ಅದನ್ನು ಮೊದಲ ಸಲ ಕಂಡವರೇ.

'ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?' ಎಂದು ಕೇಳುತ್ತೇವೆ. ಕಣ್ಣಿಗೆ ಕಾಣುವ ಹುಣ್ಣಿಗೆ ಬೇಡ. ಅದರಡಿಯಲ್ಲಿ ಕಾಣದೆ ಇರುವುದಕ್ಕೆ ಬೇಕು. ಅವತ್ತು ಆ ಕನ್ನಡಿ ನನ್ನ ಜೇಬಿನಲ್ಲೇ ಇತ್ತು, ಪೆನ್ನಿನ ರೂಪದಲ್ಲಿ. ನಾನು ತೆಗೆಯಲಿಲ್ಲ.

ಭಟ್ರು ಈಗ ಮತ್ತೆ ಕಾವಲಿಯ ಮುಂದೆ ನಿಂತಿದ್ದಾರೆ. ಉಬ್ಬು ಮೊದಲಿನಷ್ಟು ತುಂಬಿಲ್ಲ, ಸಂಜೆಯ ಹೊತ್ತಿಗೆ ಕೈ ಸೋಲುತ್ತದೆ, ರಾತ್ರಿಯ ಪಾಳಿಗೆ ಬೇರೆಯವರನ್ನು ಇಟ್ಟುಕೊಂಡಿದ್ದಾರೆ. ಹೋಟೆಲಿನಲ್ಲಿ ಗಾಜಿನ ಲೋಟ ಇಲ್ಲ, ಎಲ್ಲ ಸ್ಟೀಲು. ಕಳೆದ ತಿಂಗಳು ಅಡುಗೆಮನೆಯ ಹುಡುಗನೊಬ್ಬ ತರಕಾರಿ ಹೆಚ್ಚುವಾಗ ಅಂಗೈ ಕೊಯ್ದುಕೊಂಡ. ನಾನು ಒಳಗೆ ಹೋಗುವಷ್ಟರಲ್ಲಿ ಭಟ್ರು ಅವನ ಕೈಯನ್ನು ಮೇಜಿನ ಮೇಲೆ ಅಂಗಾತ ಇಡಿಸಿ, ಬಿಲ್ಲು ಬರೆಯುವ ಪೆನ್ನನ್ನು ಮೇಲೆ ಹಿಡಿದು, ತೆಲುಗಿನಲ್ಲಿ ಗದರುತ್ತಿದ್ದರು: "ಬೊಟನವೇಲು ಎತ್ತು. ಇನ್ನೂ ಮೇಲೆ."

ಹುಡುಗ ಪೆನ್ನು ಮುಟ್ಟಿದ. ಆಮೇಲೆಯೇ ಭಟ್ರು ಅವನನ್ನು ಹೊಲಿಗೆಗೆ ಕಳಿಸಿದ್ದು.